ಅಪ್ಪನ ಪೆಟ್ಟಿಗೆಯ ಕೊಂಡಿ

"ಆ ಪಾನಾ ಕೆಳಗ ಇಡ್ರಿ."

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಶೈಲಶ್ರೀ ಅವನಿಗೆ ಆಡಿದ ಮೊದಲ ಮಾತು ಇದು. ಟಿಕೋಟಾದ ಬಸ್ಸಿನ ಧೂಳು ಇನ್ನೂ ಅವಳ ಓಢಣಿಯ ಮೇಲಿತ್ತು. ಹೆಗಲ ಚೀಲವನ್ನು ಸಹ ಇಳಿಸಿರಲಿಲ್ಲ.

ಎದುರಿಗೆ ಒಬ್ಬ ಅಪರಿಚಿತ. ಅಂಗಿ ಮೊಳಕೈವರೆಗೆ ತೊಯ್ದಿದೆ. ಒಂದು ಅಂಗೈಯಿಂದ ನಳವನ್ನು ಗೋಡೆಗೆ ಅದುಮಿ ಹಿಡಿದಿದ್ದಾನೆ. ಬೆರಳ ಸಂದಿಯಿಂದ ನೀರು ಚಿಮ್ಮುತ್ತಿದೆ. ಇನ್ನೊಂದು ಕೈಯಲ್ಲಿ ನಳ ಬಿಗಿಯುವ ಸ್ಪ್ಯಾನರು, ಅವಳ ಅಪ್ಪನ ಪಾನಾ.

ಅಪ್ಪನ ಪಾನಾ... ಅಪ್ಪ ಲಿಂಗೈಕ್ಯರಾದ ಮೇಲೆ ಅದನ್ನು ಅವಳ ಹೊರತು ಯಾರೂ ಮುಟ್ಟಿರಲಿಲ್ಲ.

"ಪಾನಾ ಇಡ್ತೀನ್ರಿ," ಎಂದ ಆತ, ಕಣ್ಣಿಗೆ ಬಿದ್ದ ನೀರನ್ನು ಹೆಗಲಿಗೆ ಒರೆಸಿಕೊಳ್ಳುತ್ತ. "ಆದ್ರ ಈ ಕೈ ಬಿಟ್ರ ಮನಿ ತುಂಬ ನೀರಾಕೈತಿ."

ಶೈಲಶ್ರೀ ಹಿತ್ತಲಿಗೆ ಹೋಗಿ, ಮಾಳಿಗೆಯ ಟಾಕಿಯಿಂದ ಇಳಿದ ಕೊಳವೆಯ ತಿರುಪನ್ನು ಬಂದ್ ಮಾಡಿ ಬಂದಳು. ನೀರು ನಿಂತಿತು. ಅವನ ಕೈಯಿಂದ ಪಾನಾ ಇಸಿದುಕೊಂಡು, ಅವನನ್ನು ಸರಿಸಿ, ನಳವನ್ನು ಬಿಚ್ಚಿ, ದಾರ ಸುತ್ತಿ, ತಿರುವಿ ಕೂಡಿಸಿದಳು. ಆತ ಬೆರಗಿನಿಂದ ನೋಡುತ್ತಿದ್ದ. ತಾನು ಇಷ್ಟು ಹೊತ್ತು ಅದನ್ನು ತಿರುವಿದ್ದು ಎಡಕ್ಕೋ ಬಲಕ್ಕೋ ತನಗೇ ತಿಳಿಯಲಿಲ್ಲ ಎಂದು ತಾನಾಗಿಯೇ ಒಪ್ಪಿಕೊಂಡ.

ಅವಳಿಗೆ ನಗು ಬರಲಿಲ್ಲ. ಬೆಳಿಗ್ಗೆ ತಾನು ಇದೇ ನಳದಲ್ಲಿ ಕೊಡ ತುಂಬಿಟ್ಟು ಹೋಗಿದ್ದಳು. ಒಂದು ಹನಿಯೂ ಸೋರಿರಲಿಲ್ಲ.

ತಾಯಿ ಶಂಕ್ರೆವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ತೊಯ್ದ ಸೆರಗು. ಮೆಲ್ಲಗೆ ವಿಷಯ ಹೇಳಿದಳು. ಇವರು ಸಂಗನಬಸವ ಮಾಸ್ತರು, ಊರು ಬಬಲೇಶ್ವರ. ಜಲನಗರದ ಹೈಸ್ಕೂಲಿಗೆ ಗಣಿತ ಕಲಿಸಲು ವರ್ಗವಾಗಿ ಬಂದಿದ್ದಾರೆ. ಮಾಳಿಗೆಯ ಮೇಲಿನ ಖಾಲಿ ಕೋಣೆಗೆ ಎದುರುಮನೆಯ ಆಶಾಬಿಯೇ ಕರೆತಂದಿದ್ದಾಳೆ. ಸಾಮಾನು ಇಳಿಸುತ್ತಿರುವಾಗ ನಳ ಕಿತ್ತುಬಂತು...

"ಈ ಪಾನಾ ನಿಮಗ ಯಾರು ಕೊಟ್ರು?" ಶೈಲಶ್ರೀ ನೇರವಾಗಿ ಕೇಳಿದಳು.

ಆತ ಒಂದು ಗಳಿಗೆ ಶಂಕ್ರೆವ್ವನ ಕಡೆ ನೋಡಿದ.

"ನಾನ ತಗೊಂಡೇನ್ರಿ. ಪೆಟ್ಟಿಗಿಯೊಳಗಿತ್ತು."

ಸುಳ್ಳು!

ಶೈಲಶ್ರೀ ಪಾನಾವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಇವನು ಸುಳ್ಳು ಹೇಳುತ್ತಿದ್ದಾನೆ... ಬಂದ ಮೊದಲ ದಿನವೇ!

ಅದು ಅವಳಿಗೆ ಹೇಗೆ ತಿಳಿಯಿತೆಂದರೆ, ಅಪ್ಪ ಸಲಕರಣೆ ಇಡುತ್ತಿದ್ದ ಆ ಪೆಟ್ಟಿಗೆ ಹಾಗೆಲ್ಲ ತೆರೆಯುವಂಥದ್ದಲ್ಲ.

ಅವಳ ತಂದೆ ಗುರುಪಾದಯ್ಯನವರು ಅದನ್ನು ಹಸಿರು ಬಣ್ಣ ಹಚ್ಚಿ ಇಟ್ಟಿದ್ದರು. ಒಮ್ಮೆ ಏಣಿಯಿಂದ ಬಿದ್ದು ಅದರ ಮುಚ್ಚಳ ಸೊಟ್ಟಗಾಗಿತ್ತು. ಮನೆಯ ಪ್ರತಿಯೊಂದನ್ನೂ ದುರಸ್ತಿ ಮಾಡುವ ಮನುಷ್ಯ ಅದೊಂದನ್ನು ಹಾಗೇ ಬಿಟ್ಟರು. ಬೀಗ ಬೇಕಿಲ್ಲ, ಮನೆಯವರಿಗೆ ಮಾತ್ರ ತೆರೆಯುತ್ತದೆ ಎಂದು ನಗುತ್ತಿದ್ದರು. ಎಡಮೂಲೆಯನ್ನು ಹೆಬ್ಬೆರಳಿಂದ ಒತ್ತಬೇಕು, ಅದೇ ಹೊತ್ತಿಗೆ ಬಲಗಡೆ ಎತ್ತಬೇಕು. ಆಗ ಮಾತ್ರ ಕೊಂಡಿ ಬಿಡುತ್ತದೆ. ಗೊತ್ತಿಲ್ಲದವನು ಎಷ್ಟು ಜಗ್ಗಿದರೂ ಬಾರದು.

ಆ ಗುಟ್ಟನ್ನು ಅಪ್ಪ ತನಗೊಬ್ಬಳಿಗೇ ಕಲಿಸಿದ್ದಾರೆ ಎಂದು ಶೈಲಶ್ರೀ ನಂಬಿದ್ದಳು. ಅವ್ವ ಆ ಪೆಟ್ಟಿಗೆಯ ಹತ್ತಿರ ಕೂಡ ಹೋಗುತ್ತಿರಲಿಲ್ಲ. ನಿನ್ನ ಕೈಗೆ ಎಣ್ಣೆ ಹತ್ತುತ್ತದೆ, ನೀನು ಬ್ಯಾಟರಿಯ ಬೆಳಕು ಹಿಡಿ ಸಾಕು ಎನ್ನುತ್ತಿದ್ದರು ಅಪ್ಪ. ಅವ್ವ ಬ್ಯಾಟರಿ ಹಿಡಿದು ಪಕ್ಕದಲ್ಲಿ ಕೂಡುತ್ತಿದ್ದಳು. ಅಷ್ಟೇ ಅವಳ ಕೆಲಸ.

ಸುಳ್ಳಲ್ಲದಿದ್ದರೆ ಈ ಮಾಸ್ತರು ಪೆಟ್ಟಿಗೆ ತೆರೆದದ್ದು ಹೇಗೆ? ಕೊಂಡಿ, ಚಿಲಕಗಳ ಮೇಲೆ ಇಷ್ಟು ಪಳಗಿದ ಕೈ ಎಂಥವನದು?

ಸಂಶಯ ಅವಳ ಹುಟ್ಟುಗುಣವಲ್ಲ. ಟಿಕೋಟಾದ ಔಷಧಿ ಅಂಗಡಿಯಲ್ಲಿ ದುಡಿಯುವವಳು. ಸೀಸೆಯ ಹಿಂಬದಿ ಓದದೆ ಯಾರ ಕೈಗೂ ಕೊಡಳು, ಅದು ಸರಿಯೇ. ಆದರೆ ಮನುಷ್ಯರನ್ನು ಹಾಗೆ ತಿರುಗಿಸಿ ನೋಡುವ ರೂಢಿ ಅಪ್ಪ ಹೋದ ಮೇಲೆ ಬಂದದ್ದು.

"ಕತ್ತಲದಾಗ ಕೈ ಹೋದಲ್ಲಿ ಸಾಮಾನು ಇರಬೇಕು," ಎಂಬುದು ಗುರುಪಾದಯ್ಯನವರ ಮಾತು. ಬಾಗಿಲ ಬಲಗಡೆ ಮೊಳೆಗೆ ಬ್ಯಾಟರಿ. ಅದರ ಕೆಳಗೆ ಕಡ್ಡಿಪೆಟ್ಟಿಗೆ, ಮೇಣದಬತ್ತಿ. ನಳದ ನೀರು ಬಾರದ ದಿನಗಳಿಗೆ ಹಿತ್ತಲಲ್ಲಿ ಮುಚ್ಚಿಟ್ಟ ಡ್ರಮ್ಮು. ಸುಟ್ಟ ಗಾಯದ ಮುಲಾಮು ಅಡುಗೆಮನೆಯಲ್ಲೇ. ದೂರದ ಕಪಾಟಿನಲ್ಲಿಟ್ಟ ಔಷಧ ಔಷಧವಲ್ಲ ಎನ್ನುತ್ತಿದ್ದರು. ಎಲ್ಲಕ್ಕೂ ತಯಾರಿದ್ದ ಮನೆ ಅದು. ಒಂದು ಮುಂಜಾನೆ, ಲಿಂಗಪೂಜೆ ಮುಗಿಸಿ ಎದ್ದವರು ಎದೆ ಹಿಡಿದುಕೊಂಡು ಕುಳಿತರು. ಅದೊಂದಕ್ಕೆ ಮಾತ್ರ ಆ ಮನೆಯಲ್ಲಿ ಯಾರೂ ತಯಾರಿರಲಿಲ್ಲ. ಶಿವನ ಚಿತ್ತವನ್ನು ಮೊಳೆಗೆ ತೂಗುಹಾಕಿ ಇಡಲಾಗುತ್ತದೆಯೇ?

ಶೈಲಶ್ರೀ ಅಳಲಿಲ್ಲ. ಪೆಟ್ಟಿಗೆ ತೆರೆದು ಮನೆಯ ಪ್ರತಿಯೊಂದು ತಿರುಪನ್ನೂ ಬಿಗಿ ಮಾಡಿದಳು. ತುಟಿಯನ್ನೂ.

ಹೊಸ ಬಾಡಿಗೆದಾರನಿಗೂ ಅಂದೇ ಸಂಜೆ ಮನೆಯ ಕಟ್ಟಳೆಗಳನ್ನು ಒಪ್ಪಿಸಿದಳು. ಮೇನ್ ಸ್ವಿಚ್ಚು ಎಲ್ಲಿದೆ, ಬ್ಯಾಟರಿ ಎಲ್ಲಿದೆ. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಫ್ಯಾನು ಹಚ್ಚಬಾರದು. ಮೊದಲು ರೆಗ್ಯುಲೇಟರು ಬಂದ್, ಆಮೇಲೆ ಬಾಗಿಲು, ಕಿಟಕಿ. ಆತ ಪಾಠ ಕೇಳುವ ಹುಡುಗನಂತೆ ಕೈಕಟ್ಟಿ ಕೇಳಿದ. ಕೊನೆಗೆ, ಪರೀಕ್ಷೆ ಯಾವಾಗರಿ ಎಂದ.

ಅವಳು ತಿರುಗಿಯೂ ನೋಡಲಿಲ್ಲ.

ಅಂದಿನಿಂದ ಮನೆಯಲ್ಲಿ ಒಂದೊಂದೇ ಸಡಿಲಾಗತೊಡಗಿತು.

ಕುಕ್ಕರಿನ ಹಿಡಿಕೆ ಅಲುಗಿತು. ಮಂಚದ ಕಾಲು ಕುಂಟಿತು. ದೇವರ ಕೋಣೆಯ ಬಾಗಿಲ ಚಿಲಕ ಜೋತುಬಿತ್ತು. ಎಲ್ಲವೂ ಅವಳು ಟಿಕೋಟಾದಲ್ಲಿದ್ದಾಗಲೇ. ಅವಳು ಮನೆಯಲ್ಲಿರುವ ಭಾನುವಾರ ಮಾತ್ರ ಒಂದು ಮೊಳೆಯೂ ಮಿಸುಕುತ್ತಿರಲಿಲ್ಲ.

ಸಂಜೆ ಬಂದ ಕೂಡಲೇ ಅವ್ವ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು, "ಶೈಲಾ, ಇದೊಂದಿಷ್ಟು ನೋಡವಾ."

ಶೈಲಶ್ರೀ ಪೆಟ್ಟಿಗೆ ತರುತ್ತಿದ್ದಳು. ಅವ್ವ ಬ್ಯಾಟರಿ ಹಿಡಿದು ಪಕ್ಕದಲ್ಲಿ ಕೂಡುತ್ತಿದ್ದಳು. ಕೆಲಸ ಮುಗಿದ ಮೇಲೂ ಆ ಬೆಳಕು ಒಂದಿಷ್ಟು ಹೊತ್ತು ಮಗಳ ಕೈಯ ಮೇಲೇ ನಿಂತಿರುತ್ತಿತ್ತು. ಶೈಲಶ್ರೀಗೆ ಅದನ್ನು ಗಮನಿಸುವ ವ್ಯವಧಾನವಿರಲಿಲ್ಲ. ಅವಳ ಲೆಕ್ಕವೆಲ್ಲ ಮೇಲಿನ ಕೋಣೆಯ ಮೇಲಿತ್ತು.

ಶಾಲೆ ಬಿಟ್ಟು ಆತ ತನಗಿಂತ ಮೊದಲೇ ಮನೆ ಸೇರುತ್ತಾನೆ... ಕೊಂಡಿ ತೆರೆಯುವ ಕೈಚಳಕವಿದೆ... ಇಲ್ಲವೇ ಸುಳ್ಳು ಹೇಳಿದ್ದಾನೆ... ಆದರೆ ಏಕೆ? ಇದರಿಂದ ಅವನಿಗೇನು ಲಾಭ?

ಎದುರುಮನೆಯ ಆಶಾಬಿಯನ್ನು ಕೇಳಿ ನೋಡಿದಳು. ಅವ್ವನ ಹಳೆಯ ಗೆಳತಿ ಆಕೆ. ಗೋಳಗುಮ್ಮಟದ ಹತ್ತಿರ ಗಂಡನ ಬಳೆ ಅಂಗಡಿ. ಮಾತಿಗೆ ಕಡಿವಾಣವಿಲ್ಲ.

"ಅಂವಾ ಕಳ್ಳ ಅಂತೀ?" ಆಶಾಬಿ ಎಲೆಗೆ ಸುಣ್ಣ ಹಚ್ಚುತ್ತ ಕಣ್ಣು ಕಿರಿದು ಮಾಡಿದಳು. "ಕಳ್ಳ ಇದ್ರೂ ಇರಬಹುದು ಬೇಟಿ. ನೀ ಬಸ್ಸಿಳಿದು ಬರೂ ಹೊತ್ತಿಗೆ ಮಾಳಿಗಿ ಮ್ಯಾಲೆ ದಿನಾ ನಿಂತಿರ್ತಾನ. ಏನ ಕದಿಯಾಂವ ಅದಾನ ಅನ್ನೂದು ನಿನಗಷ್ಟ ತಿಳಿವಲ್ದು."

ಶೈಲಶ್ರೀ ಮುಖ ಕೆಂಪಾಗಿಸಿಕೊಂಡು ಎದ್ದುಬಂದಳು.

ಮರುದಿನ ಸಂಜೆ ಅವಳೇ ಮಾಳಿಗೆ ಹತ್ತಿದಳು. ಟಾಕಿ ನೋಡುವ ನೆವ. ನಿಜವಾಗಿ ನೋಡಬೇಕಾದದ್ದು ಅವನ ಕೋಣೆಯಲ್ಲಿ ತಿರುಪುಳಿ, ಇಕ್ಕಳ ಏನಾದರೂ ಇದೆಯೇ ಎಂದು.

ಬಾಗಿಲು ತೆರೆದಿತ್ತು. ಸಂಗನಬಸವ ಕುರ್ಚಿಯ ಮೇಲೆ ನಿಂತಿದ್ದ. ಕೈಯಲ್ಲಿ ಉಕ್ಕಿನ ಸ್ಕೇಲು. ಅದರ ತುದಿಯಿಂದ ಫ್ಯಾನಿನ ತಿರುಪು ಬಿಚ್ಚಲು ಒದ್ದಾಡುತ್ತಿದ್ದ.

"ಮೊದಲ ಕೆಳಗ ಇಳೀರಿ," ಎಂದಳು. "ಸ್ವಿಚ್ಚ ಚಾಲೂ ಐತಿ."

ಆತ ಸ್ವಿಚ್ಚು ನೋಡಿದ, ಮುಖ ಬಿಳಿಚಿತು. ಇಳಿದ.

ಅವಳು ಮೇನ್ ಸ್ವಿಚ್ಚು ಬಂದ್ ಮಾಡಿ ಬಂದು, ಫ್ಯಾನಿನ ಮುಚ್ಚಳ ಇಳಿಸಿ ನೋಡಿದಳು. ಕಂಡೆನ್ಸರ್ ಹೋಗಿತ್ತು. ಅಂಥದ್ದೊಂದು ಅಪ್ಪನ ಪೆಟ್ಟಿಗೆಯಲ್ಲಿ ಯಾವಾಗಲೂ ಹೆಚ್ಚಿಗೆ ಇರುತ್ತಿತ್ತು. ತಂದು ಜೋಡಿಸತೊಡಗಿದಳು. ಹೊತ್ತು ಇಳಿಯುತ್ತಿತ್ತು, ಕಿಟಕಿಯ ಆಚೆ ದೂರದಲ್ಲಿ ಗುಮ್ಮಟ ಮಸುಕಾಗುತ್ತಿತ್ತು. ಆತ ಕೇಳದೆಯೇ ಬ್ಯಾಟರಿ ಹಿಡಿದ.

ಬೆಳಕು ಒಮ್ಮೆಯೂ ಅವಳ ಕಣ್ಣಿಗೆ ಬೀಳಲಿಲ್ಲ. ಕೈ ಹೋದಲ್ಲಿ ಹೋಯಿತು, ನಿಂತಲ್ಲಿ ನಿಂತಿತು.

ಅವಳ ಕೈ ತಡೆಯಿತು. ಬ್ಯಾಟರಿ ಹಿಡಿಯುವುದೂ ಒಂದು ವಿದ್ಯೆ ಎನ್ನುತ್ತಿದ್ದರು ಅಪ್ಪ. ಹಿಡಿದವರು ಕೆಲಸ ನೋಡಬಾರದು, ಕೆಲಸ ಮಾಡುವವರ ಕೈ ನೋಡಬೇಕು...

"ಇದನ್ನ ಯಾರು ಕಲಿಸಿದ್ರು ನಿಮಗ?"

"ಯಾರೂ ಇಲ್ರಿ. ನಿಮ್ಮ ಕೈ ಎಲ್ಲಿ ಹೋಗತೈತಿ ಅಂತ ನೋಡಾಕತ್ತಿದ್ದೆ, ಅಷ್ಟ."

ಮೇನ್ ಸ್ವಿಚ್ಚು ಹಚ್ಚಿದ ಮೇಲೆ ಫ್ಯಾನು ತಿರುಗಿತು. ಮೇಜಿನ ಮೇಲಿನ ಉತ್ತರಪತ್ರಿಕೆಗಳೆಲ್ಲ ಹಾರಿ ಕೋಣೆ ತುಂಬ ಬಿದ್ದವು. ಆತ ಅವುಗಳ ಹಿಂದೆ ಮೊಣಕಾಲೂರಿ ಹರಿದಾಡುವುದನ್ನು ಕಂಡು ಶೈಲಶ್ರೀ ನಕ್ಕುಬಿಟ್ಟಳು.

ಕೆಳಗೆ ಅಂಗಳದಲ್ಲಿ ಕುಳಿತಿದ್ದ ಶಂಕ್ರೆವ್ವ ತಲೆ ಎತ್ತಿ ಮಾಳಿಗೆಯ ಕಡೆ ನೋಡಿದಳು. ಗಂಡ ಹೋದ ಮೇಲೆ ಮಗಳ ಆ ನಗುವನ್ನು ಅವಳು ಕೇಳಿರಲಿಲ್ಲ.

ಆ ರಾತ್ರಿ ಶೈಲಶ್ರೀಗೆ ನಿದ್ದೆ ಬೇಗ ಬರಲಿಲ್ಲ. ಇವನು ಕಳ್ಳನೆ? ಸ್ಕೇಲಿನಿಂದ ಫ್ಯಾನು ಬಿಚ್ಚುವವನು?... ಅಥವಾ ಅದೂ ಒಂದು ನಟನೆಯೋ?

ಮನಸ್ಸು ಒಂದು ಹೇಳಿದರೆ ಬುದ್ಧಿ ಇನ್ನೊಂದು ಹೇಳಿತು. ಪರೀಕ್ಷೆ ಮಾಡಿಯೇ ಬಿಡೋಣ ಎಂದುಕೊಂಡಳು.

ಮರುದಿನ ಮನೆಯ ಮುಖ್ಯ ತಿರುಪುಗಳ ಮೇಲೆಲ್ಲ ಉಗುರುಬಣ್ಣದಿಂದ ಕೂದಲೆಳೆಯಂಥ ಗೆರೆ ಎಳೆದಳು. ಅರ್ಧ ಗೆರೆ ತಿರುಪಿನ ಮೇಲೆ, ಅರ್ಧ ಪಕ್ಕದ ತಗಡಿನ ಮೇಲೆ. ತಿರುಪು ತಾನಾಗಿ ಸವೆದು ಸಡಿಲಾದರೆ ಗೆರೆ ಇಷ್ಟಿಷ್ಟೇ ಸರಿಯುತ್ತದೆ. ಯಾರಾದರೂ ತಿರುವಿದರೆ ಒಂದೇ ದಿನದಲ್ಲಿ ಮುರಿಯುತ್ತದೆ.

ಸಂಜೆ ಬಂದು ನೋಡಿದರೆ ದೇವರ ಕೋಣೆಯ ಚಿಲಕದ ಗೆರೆ ಅರ್ಧ ಸುತ್ತು ಮುರಿದು ನಿಂತಿತ್ತು.

ಕೈ. ಮನುಷ್ಯನ ಕೈ.

ಚಿಲಕದ ಮೇಲೆ ಬಿಳಿ ಪುಡಿ ಹತ್ತಿತ್ತು. ಬೆರಳಿಂದ ಒರೆಸಿ ನೋಡಿದಳು. ನುಣ್ಣನೆಯ ಬಿಳಿ ಪುಡಿ... ಸೀಮೆಸುಣ್ಣದ ಕಡ್ಡಿಯದು! ನಿನ್ನೆ ಬ್ಯಾಟರಿ ಹಿಡಿದಿದ್ದ ಬೆರಳುಗಳಲ್ಲೂ ಹೀಗೇ ಬಿಳುಪು ಅಂಟಿತ್ತು. ದಿನವಿಡೀ ಹಲಗೆಯ ಮೇಲೆ ಲೆಕ್ಕ ಬರೆಯುವ ಬೆರಳುಗಳು.

ಆ ಬೆರಳನ್ನೇ ನೋಡುತ್ತ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಆತನೇ ಎಂದು ತಿಳಿದದ್ದಕ್ಕಲ್ಲ. ಆತನಾಗಿರಬಾರದು ಎಂದು ತಾನು ಎಷ್ಟು ಬಯಸಿದ್ದೆ ಎಂಬುದು ಆಗ ತಿಳಿದದ್ದಕ್ಕೆ.

ನಾನು ಮನೆಯಲ್ಲಿ ಇಲ್ಲದಾಗ ಮಾಸ್ತರು ಕೆಳಗೆ ಬರುತ್ತಾರೆಯೇ ಎಂದು ಅವ್ವನನ್ನು ಕೇಳಿದಳು. ನೀರಿಗೆ ಬರುತ್ತಾರೆ ಎಂದು ಹೇಳಿ ಅವ್ವ ಕಣ್ಣು ತಗ್ಗಿಸಿದಳು. ಆ ತಗ್ಗಿದ ಕಣ್ಣನ್ನು ಕಂಡು ಮಗಳು, ಅವ್ವ ಅವನಿಗೆ ಹೆದರಿದ್ದಾಳೆ ಎಂದು ತಿಳಿದಳು.

ಆ ವಾರವೇ ಅದು ನಡೆಯಿತು.

ಅಂದು ಗೇಟು ತೆಗೆಯುತ್ತಿದ್ದಂತೆಯೇ ಮೂಗಿಗೆ ಗ್ಯಾಸು ಬಡಿಯಿತು. ಶೈಲಶ್ರೀ ಚಪ್ಪಲಿ ಸಮೇತ ಒಳಗೆ ಓಡಿದಳು. ಬಾಗಿಲು, ಕಿಟಕಿಗಳೆಲ್ಲ ತೆರೆದಿದ್ದವು. ಅವ್ವ ಹಿತ್ತಲ ಕಟ್ಟೆಯ ಮೇಲೆ ಆಶಾಬಿಯ ತೋಳಿಗೆ ಒರಗಿ ನಡುಗುತ್ತ ಕುಳಿತಿದ್ದಳು. ಅಡುಗೆಮನೆಯಲ್ಲಿ ಸಂಗನಬಸವ ಒಬ್ಬನೇ. ಸಿಲಿಂಡರಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದಾನೆ. ಒಂದು ಕೈ ರೆಗ್ಯುಲೇಟರಿನ ಮೇಲೆ. ಇನ್ನೊಂದು ಕೈಯಲ್ಲಿ ಅಪ್ಪನ ತಿರುಪುಳಿ.

ಒಲೆಯ ಕೊಳವೆಯ ಬಿಗಿಪಟ್ಟಿ ಬಿಚ್ಚಿ ಜೋತಿತ್ತು. ಅದರ ಮೇಲೆ, ಕೆಂಪು ಕೊಳವೆಯ ಮೇಲೆ, ಎದ್ದು ಕಾಣುವಂತೆ ಬಿಳಿ ಪುಡಿಯ ಗುರುತು.

"ನಳ ಆತು, ಚಿಲಕ ಆತು. ಈಗ ಗ್ಯಾಸ," ಎಂದಳು. "ನಮ್ಮವ್ವ ಒಬ್ಬಾಕಿ ಇರ್ತಾಳ ಈ ಮನಿಯೊಳಗ. ಏನ ಮಾಡೀವಿ ನಾವು ನಿಮಗ?"

ಆತ ಎದ್ದು ನಿಂತ. ಅವಳನ್ನು ನೋಡಿದ, ಹಿತ್ತಲ ಬಾಗಿಲಲ್ಲಿ ಬಂದು ನಿಂತ ಶಂಕ್ರೆವ್ವನನ್ನು ನೋಡಿದ. ಶಂಕ್ರೆವ್ವ ಬಾಯಿ ತೆರೆದಳು. ಮಾತು ಹೊರಡಲಿಲ್ಲ.

ಶೈಲಶ್ರೀ ಕಾದಳು. ಇಲ್ಲ ಎನ್ನಲಿ... ಒಂದೇ ಒಂದು ಸಲ, ನಾನಲ್ಲ ಎನ್ನಲಿ...

ಆತ ತಿರುಪುಳಿಯನ್ನು ಕಟ್ಟೆಯ ಮೇಲೆ ಇಟ್ಟ.

"ತಪ್ಪಾತ್ರಿ. ನಾಳೆ ಕೋಣಿ ಖಾಲಿ ಮಾಡ್ತೀನಿ." ಬಾಗಿಲವರೆಗೆ ಹೋದವನು ತಿರುಗಿದ. "ಇನ್ನ ಏನರ ಆಗ್ಲಿ, ಗ್ಯಾಸಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಕೈ ಮುಗೀತೀನಿ."

ತನಗೇ ಬುದ್ಧಿ ಹೇಳುವ ಸೊಕ್ಕು ನೋಡು ಎಂದುಕೊಂಡಳು ಶೈಲಶ್ರೀ. ಆ ಮಾತು ತನ್ನ ಹೆಗಲ ಮೇಲಿಂದ ಹಾಯ್ದು ಇನ್ನೊಬ್ಬರಿಗೆ ಹೋದದ್ದು ಅವಳಿಗೆ ಕಾಣಲಿಲ್ಲ.

ಮರುದಿನ ಆತ ಬಬಲೇಶ್ವರಕ್ಕೆ ಹೋದ. ಅಲ್ಲಿಂದಲೇ ದಿನಾ ಶಾಲೆಗೆ ಬರುತ್ತಾನಂತೆ ಎಂದು ಆಶಾಬಿ ಹೇಳಿದಳು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ, ಅವಳಿಗದು ಅಪರೂಪ.

ಆತ ಹೋದ ಮೇಲೆ ಮನೆಯಲ್ಲಿ ಏನೂ ಸಡಿಲಾಗಲಿಲ್ಲ. ಉಗುರುಬಣ್ಣದ ಗೆರೆಗಳೆಲ್ಲ ಇದ್ದಲ್ಲೇ ಇದ್ದವು. ನೋಡಿದೆಯಾ, ನಾನು ಅಂದುಕೊಂಡದ್ದೇ ನಿಜವಾಯಿತು ಎಂದು ಶೈಲಶ್ರೀ ತನಗೆ ತಾನೇ ಹೇಳಿಕೊಂಡಳು. ಸಮಾಧಾನವೇಕೋ ಆಗಲಿಲ್ಲ. ಸಂಜೆ ಬಸ್ಸಿಳಿದು ಬರುವಾಗ ಕಣ್ಣು ತಾನಾಗಿಯೇ ಮಾಳಿಗೆಯ ಕಡೆ ಹೋಗುತ್ತಿತ್ತು. ಅಲ್ಲಿ ಯಾರೂ ನಿಂತಿರುತ್ತಿರಲಿಲ್ಲ.

ಅವ್ವ ತೀರ ಮೌನವಾಗಿದ್ದಳು. ಮಗಳು ಬಂದರೆ ಊಟಕ್ಕೆ ಬಡಿಸುತ್ತಿದ್ದಳು. ಪೂಜೆಗೆ ಹೆಚ್ಚು ಹೊತ್ತು ಕೂಡುತ್ತಿದ್ದಳು. ಬ್ಯಾಟರಿ ಮೊಳೆಯಿಂದ ಇಳಿಯಲೇ ಇಲ್ಲ.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಶೈಲಶ್ರೀಗೆ ಥಟ್ಟನೆ ಒಂದು ವಿಷಯ ಹೊಳೆದು ಕೈ ನಿಂತಿತು. ಅಂದು ಅಡುಗೆಮನೆಯಲ್ಲಿ... ರೆಗ್ಯುಲೇಟರು ಬಂದ್ ಇತ್ತು. ಕಿಟಕಿಗಳು ತೆರೆದಿದ್ದವು. ಅಷ್ಟು ಸೆಕೆಯಲ್ಲೂ ಫ್ಯಾನು ಹಚ್ಚಿರಲಿಲ್ಲ. ತಾನು ಮೊದಲ ದಿನ ಹೇಳಿಕೊಟ್ಟದ್ದು ಅದೇ, ಹೇಳಿಕೊಟ್ಟ ಕ್ರಮದಲ್ಲೇ. ಕೈಕಟ್ಟಿ ನಿಂತು, ಪರೀಕ್ಷೆ ಯಾವಾಗ ಎಂದಿದ್ದ...

ಕೊಳವೆ ಬಿಚ್ಚುವವನು ಕಿಟಕಿ ಏಕೆ ತೆರೆಯುತ್ತಾನೆ?

ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಮರುದಿನ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ತಲೆನೋವೆಂದು ಹೇಳಿ ಮಧ್ಯಾಹ್ನವೇ ಬಸ್ಸು ಹತ್ತಿದಳು. ಮನೆಯ ಬಾಗಿಲು ಚಿಲಕವಿಲ್ಲದೆ ಸುಮ್ಮನೆ ಮುಚ್ಚಿತ್ತು. ಸದ್ದಿಲ್ಲದೆ ಒಳಗೆ ಬಂದಳು.

ಶಂಕ್ರೆವ್ವ ಅಂದು ಪೂಜೆಯಿಂದ ತಡವಾಗಿ ಎದ್ದಂತಿತ್ತು. ಪಡಸಾಲೆಯ ನೆಲದ ಮೇಲೆ ಕುಳಿತಿದ್ದಳು. ಮುಂದೆ ಹಸಿರು ಪೆಟ್ಟಿಗೆ. ಅವಳ ಎಡಗೈಯ ಹೆಬ್ಬೆರಳು ಮೂಲೆಯನ್ನು ಒತ್ತಿತು. ಬಲಗೈ ಮೆಲ್ಲಗೆ ಮೇಲೆ ಎತ್ತಿತು. ಕಟ್ ಎಂದು ಕೊಂಡಿ ಬಿಟ್ಟಿತು. ದಿನಾ ತೆರೆಯುವ ಉಪ್ಪಿನ ಭರಣಿಯೋ ಎನ್ನುವಷ್ಟು ಸಲೀಸಾಗಿ.

ಪಾನಾ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಏನನ್ನೂ ಬಿಚ್ಚಲಿಲ್ಲ. ಅದರ ಹಿಡಿಕೆಯನ್ನು ಸುಮ್ಮನೆ ಸವರಿದಳು. ಬೆರಳು ಸರಿದಲ್ಲಿ ಕಪ್ಪು ಕಬ್ಬಿಣದ ಮೇಲೆ ಮೂರು ಬಿಳಿ ಗೆರೆ ಮೂಡಿದವು.

ಮೂರು ಗೆರೆ. ಹಣೆಗೆ ವಿಭೂತಿ ಎಳೆಯುವ ಮೂರು ಬೆರಳು.

ಶೈಲಶ್ರೀಗೆ ಗ್ಯಾಸು ಸೋರಿದ ಆ ಸಂಜೆ ನೆನಪಾಯಿತು. ಕೆಂಪು ಕೊಳವೆಯ ಮೇಲೂ ಮೂರೇ ಇದ್ದವು. ಅಂದು ತಾನು ಬಣ್ಣ ಕಂಡಳು, ಗೆರೆ ಕಾಣಲಿಲ್ಲ.

"ಯವ್ವಾ..."

ಶಂಕ್ರೆವ್ವ ಬೆಚ್ಚಿದಳು. ಪಾನಾ ಬಚ್ಚಿಡಲು ಸೆರಗು ಎಳೆದುಕೊಂಡಳು. ಆಮೇಲೆ, ಇನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ ಎಂಬಂತೆ ಕೈಬಿಟ್ಟಳು.

"ನೀನ ಬೇ? ಎಲ್ಲಾ ನೀನ?"

"ಹೂಂ, ನಾನ." ಶಂಕ್ರೆವ್ವನ ದನಿ ಶಾಂತವಾಗಿತ್ತು. "ನಿಮ್ಮಪ್ಪ ಹ್ವಾದ ಮ್ಯಾಲೆ ನೀ ಈ ಮನಿಯೊಳಗ ಎಲ್ಲಾ ಗಟ್ಟಿ ಮಾಡಿಬಿಟ್ಟಿ, ಯವ್ವಾ. ಒಂದೂ ಸಡ್ಲ ಉಳೀಲಿಲ್ಲ. ನಿನ್ನ ಬಾಯಿನೂ. ಬರ್ತಿದ್ದಿ, ಉಣತಿದ್ದಿ, ಮಕ್ಕೊಂತಿದ್ದಿ. ಏನರ ಕೆಟ್ಟಾಗಷ್ಟ ನನ್ನ ಹಂತೇಕ ಕೂಡ್ತಿದ್ದಿ. ನಾ ಬ್ಯಾಟರಿ ಹಿಡೀತಿದ್ದೆ. ನಿನ್ನ ಕೈ ನೋಡಿದ್ರ ನಿಮ್ಮಪ್ಪನ ಕೈ ಕಂಡಂಗ ಆಗ್ತಿತ್ತು. ಅದರ ಸಲುವಾಗಿ..."

ಮುಂದಿನದನ್ನು ಬಿಟ್ಟು ಬಿಟ್ಟು ಹೇಳಿದಳು. ಮೊದಲ ದಿನ ನಳ ಅಷ್ಟು ಜೋರಾಗಿ ಕಿತ್ತುಬರುತ್ತದೆ ಎಂದು ತಿಳಿದಿರಲಿಲ್ಲ. ಪಾನಾ ಹಿಡಿದು ದಿಕ್ಕು ತೋಚದೆ ನಿಂತಿದ್ದಾಗ ಮಾಸ್ತರು ಓಡಿ ಬಂದರು. ಗೇಟಿನ ಸದ್ದಾಯಿತು. ಮಗಳಿಗೆ ಹೇಳಬೇಡ ತಮ್ಮಾ ಎಂದು ಅವಳು ಅತ್ತಳು. ಅವರು ಏನೂ ಕೇಳದೆ ಅವಳ ಕೈಯಿಂದ ಪಾನಾ ತೆಗೆದುಕೊಂಡರು. ಆಮೇಲೆ ದಿನಾ ಹೇಳುತ್ತಿದ್ದರಂತೆ, ಮಗಳ ಹತ್ತಿರ ಬಾಯಿಬಿಟ್ಟು ಮಾತಾಡಿ, ತಿರುಪು ಬಿಡಿ ಎಂದು. ಗ್ಯಾಸಿನ ಪಟ್ಟಿಯೂ ಉಳಿದವುಗಳಂಥ ಒಂದು ತಿರುಪು ಎಂದೇ ಅವಳು ತಿಳಿದಿದ್ದಳು. ಅಂದೂ ಅವರೇ ಅವಳ ಕೈಯಿಂದ ತಿರುಪುಳಿ ತೆಗೆದುಕೊಂಡು, ಅವಳನ್ನು ಹಿತ್ತಲಿಗೆ ಕಳಿಸಿದ್ದರು.

"ಅವತ್ತ ಬಾಯಿ ಬರ್ಲಿಲ್ಲ ನನಗ," ಎಂದಳು ಶಂಕ್ರೆವ್ವ. "ದೇವರ ಮುಂದ ದಿನಾ ಕೂತು ಹೇಳೀನಿ. ಅಂವಾ ಕೇಳಿಸ್ಕೊಂಡಾನ. ಆದ್ರ ಹೇಳಬೇಕಾದ್ದು ನಿನಗಲ್ಲಾ?"

"ಪೆಟ್ಟಿಗಿ ತೆಗಿಯೂದು ನಿನಗ ಯಾರು ಕಲಿಸಿದ್ರು?"

"ಬ್ಯಾಟರಿ ಹಿಡಿದಾಕಿ ನಾನ. ಕೈ ನೋಡೂದ ನನ್ನ ಕೆಲಸ ಆಗಿತ್ತು."

ಶೈಲಶ್ರೀ ತಾಯಿಯ ಪಕ್ಕದಲ್ಲಿ ಕುಸಿದು ಕುಳಿತಳು. ಅಪ್ಪ ಹೋದ ದಿನದಿಂದ ಬಿಗಿಹಿಡಿದದ್ದೆಲ್ಲ ಅಂದು ಒಮ್ಮೆಲೇ ಸಡಿಲಾಯಿತು. ಅವ್ವನ ಮಡಿಲಲ್ಲಿ ಪಾನಾದ ಮೇಲೆಯೇ ಮುಖವಿಟ್ಟು ಅತ್ತಳು. ಶಂಕ್ರೆವ್ವ ವಿಭೂತಿಯ ಕೈಯಿಂದ ಅವಳ ಬೆನ್ನು ಸವರಿದಳು. ಬಿಗಿ ಮಾಡಬೇಕಾದ ಯಾವ ತಿರುಪೂ ಅಂದು ಅವರ ನಡುವೆ ಇರಲಿಲ್ಲ.

ಭಾನುವಾರ ಶೈಲಶ್ರೀ ಬಬಲೇಶ್ವರದ ಬಸ್ಸು ಹತ್ತಿದಳು. ಮಡಿಲಲ್ಲಿ ಹಸಿರು ಪೆಟ್ಟಿಗೆ. ಒಬ್ಬಳೇ ಹೋಗುವುದು ಬೇಡವೆಂದು ಅವ್ವ ಆಶಾಬಿಯನ್ನು ಜೊತೆಗೆ ಕಳಿಸಿದ್ದಳು.

"ಒಂದ ಮಾತಿನ ಕೆಲಸಕ್ಕ ಇಷ್ಟು ಕಬ್ಬಿಣ ಯಾಕ ಬೇಟಿ?" ಎಂದಳು ಆಶಾಬಿ, ಪೆಟ್ಟಿಗೆಯ ಇನ್ನೊಂದು ತುದಿ ಎತ್ತಿ ಹಿಡಿದು. "ನೋಡಿದ ಮಂದಿ ವರದಕ್ಷಿಣಿ ಹೊಂಟೈತಿ ಅಂತಾರ."

ಶೈಲಶ್ರೀ ಕಿಟಕಿಯ ಆಚೆ ನೋಡಿದಳು. ಏನು ಹೇಳುವುದು? ತಪ್ಪಾಯಿತು ಎಂದರೆ ಸಾಲುತ್ತದೆಯೇ? ಆತ ಬಾಗಿಲು ಹಾಕಿಕೊಂಡರೆ?

ಸಂಗನಬಸವ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಪತ್ರಿಕೆಗಳು ಮತ್ತೆ ಚೆಲ್ಲಿದವು. ಈ ಸಲ ಅವನು ಅವುಗಳ ಕಡೆ ನೋಡಲಿಲ್ಲ. ಆಶಾಬಿ, ಬಿಸಿಲಿಗೆ ಬಾಯಾರಿದೆ ಎನ್ನುತ್ತ ಅವನ ತಾಯಿಯನ್ನು ಹುಡುಕಿಕೊಂಡು ಒಳಗೆ ನಡೆದಳು.

ಶೈಲಶ್ರೀ ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ಇಟ್ಟಳು.

"ಅವತ್ತ ಪಾನಾ ಯಾರು ಕೊಟ್ಟಿದ್ರು ನಿಮಗ?"

ಆತ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದ.

"ಹೇಳೇನಲ್ಲರಿ. ನಾನ ತಗೊಂಡಿದ್ದೆ. ಪೆಟ್ಟಿಗಿಯೊಳಗಿತ್ತು."

ಈಗಲೂ... ಈಗಲೂ ಅವ್ವನನ್ನು ಬಿಟ್ಟುಕೊಡುತ್ತಿಲ್ಲ!

"ಹಂಗಾರ ತೆಗೀರಿ ನೋಡೂಣು," ಎಂದಳು. "ಇದ ಪೆಟ್ಟಿಗಿ."

ಆತ ಪೆಟ್ಟಿಗೆ ಹತ್ತಿರ ಎಳೆದುಕೊಂಡ. ಮುಚ್ಚಳ ಎತ್ತಿದ, ಬರಲಿಲ್ಲ. ಕೊಂಡಿ ಜಗ್ಗಿದ, ಬರಲಿಲ್ಲ. ತಿರುಗಿಸಿ ಹಿಂದೆ ನೋಡಿದ, ಬೀಗವೇನಾದರೂ ಇದೆಯೇ ಎಂದು ತಡಕಿದ. ಹಣೆಯ ಮೇಲೆ ಬೆವರು ಮೂಡಿತು. ಕೊನೆಗೆ ಕೈಬಿಟ್ಟು ತಲೆ ಎತ್ತಿದಾಗ ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಒಂದ ಪೆಟ್ಟಿಗಿ ತೆಗಿಯಾಕ ಬರೂದಿಲ್ಲ ನಿಮಗ," ಎಂದಳು. "ಅಂಥಾವ್ರನ್ನ ನಾ ಏನೇನೋ ತಿಳದ್ನಿ. ಅವ್ವ ಎಲ್ಲಾ ಹೇಳ್ಯಾಳ. ನೀವ್ಯಾಕ ಹೇಳ್ಲಿಲ್ಲ? ನಾ ಅಷ್ಟು ಅಂದೆ, ಒಂದ ಮಾತ ಅನಬೇಕಿತ್ತು."

"ಹೇಳಿದ್ರ ನೀವು ಅವ್ವಾರನ್ನ ನೋಡೂ ರೀತಿ ಬ್ಯಾರೆ ಆಗ್ತಿತ್ತು. ನನ್ನನ್ನ ಹೆಂಗೂ ಮೊದಲನೇ ದಿನದಿಂದ ಸಂಶಯದಾಗ ನೋಡ್ತಿದ್ರಿ." ಆತ ಸಣ್ಣಗೆ ನಕ್ಕ. "ಹೆಂಗರ ಆಗ್ಲಿ, ನೋಡ್ತಿದ್ರಲ್ಲ. ಅಷ್ಟ ಸಾಕಾಗಿತ್ತು ನನಗ. ದಿನಾ ಮಾಳಿಗಿ ಮ್ಯಾಲೆ ನಿಂದರ್ತಿದ್ದದ್ದು ಗಾಳಿಗಲ್ರಿ."

ಅವಳು ಕಣ್ಣೊರೆಸಿಕೊಂಡಳು. ಅವನ ಎಡಗೈ ತೆಗೆದುಕೊಂಡು ಹೆಬ್ಬೆರಳನ್ನು ಪೆಟ್ಟಿಗೆಯ ಮೂಲೆಗೆ ಇಟ್ಟಳು. ಅದರ ಮೇಲೆ ತನ್ನ ಬೆರಳು ಇಟ್ಟಳು.

"ಎಡಕ್ಕ ಒತ್ರಿ. ಬಿಡಬ್ಯಾಡ್ರಿ. ಈಗ ಬಲಕ್ಕ ಎತ್ರಿ."

ಕಟ್ ಎಂದು ಕೊಂಡಿ ಬಿಟ್ಟಿತು.

ಆತ ತೆರೆದ ಪೆಟ್ಟಿಗೆಯನ್ನು ನೋಡಿದ. ಅವಳು ಕೈ ತೆಗೆದಿರಲಿಲ್ಲ.

"ಇದು ಮನಿಯವ್ರಿಗಷ್ಟ ಗೊತ್ತಿರೂದಂತ ಅವ್ವಾರು ಹೇಳಿದ್ರು," ಎಂದ ಮೆಲ್ಲಗೆ.

"ಹೂಂ. ಮನಿಯವ್ರಿಗಷ್ಟ."

ಒಳಗಿನಿಂದ ಆಶಾಬಿಯ ನಗು ಕೇಳಿಬಂತು. ಆತ ಅವಳತ್ತ ತಿರುಗಿದ.

"ಇನ್ನ ಮನಿಯೊಳಗ ಏನರ ಸಡ್ಲ ಆದ್ರ, ನನ್ನ ಮ್ಯಾಲೇನ ಸಂಶಯ ಬರತೈತಲ್ರಿ?"

"ಬರತೈತಿ," ಎಂದಳು ಶೈಲಶ್ರೀ. "ಅದಕ್ಕ ಹಂತೇಕ ಇರ್ರಿ. ಬ್ಯಾಟರಿ ಹಿಡಿಯಾಕ ಒಬ್ರು ಬೇಕು."